ಗಾಳಕ್ಕೆ ಕೂದಲು ಕಟ್ಟಲು ಇಂಗ್ಲಿಷ್ ಬೇಕೆ?

ಕಳೆದ ವರ್ಷ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಒಬ್ಬರು ಎದ್ದು ನಿಂತು ಕೇಳಿದರು: "ಮಾಷ್ಟ್ರೇ, ನೀವು ಮಕ್ಕಳಿಗೆ ಗಾಳ ಕಟ್ಟಲಿಕ್ಕೆ ಕಲಿಸ್ತೀರಂತೆ, ಹೌದಾ? ನಾವು ಮಕ್ಕಳನ್ನು ಶಾಲೆಗೆ ಕಳಿಸುವುದು ಮೀನು ಹಿಡಿಯಲಿಕ್ಕಾ?" ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ. ಉತ್ತರ ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಇಲ್ಲಿ ಹೇಳುತ್ತೇನೆ.

ಹೌದು ಸ್ವಾಮಿ, ಕಲಿಸುತ್ತೇನೆ. ಯಾಕೆಂದು ಕೇಳಿ.

ನಮ್ಮ ಏಳನೇ ಕ್ಲಾಸಿನಲ್ಲಿ ಹೊಳೆಕರೆಯ ಒಬ್ಬ ಹುಡುಗ ಇದ್ದ. ರಜೆ ಬಂತೆಂದರೆ ಅಳಿವೆಯ ಹತ್ತಿರ ಗಾಳ ಹಿಡಿದು ಕೂರುವವ. ಪೇಟೆಯಿಂದ 300 ರೂಪಾಯಿ ಕೊಟ್ಟು ತಂದ ಪ್ಲಾಸ್ಟಿಕ್ ಮೀನು ಮೊದಲ ದಿನವೇ ಕಾಂಡ್ಲಾ ಬೇರಿಗೆ ಸಿಕ್ಕಿ ಹೋಯಿತಂತೆ. ಅಪ್ಪನ ಮೊಬೈಲಿನಲ್ಲಿ ಒಂದು ವಿಡಿಯೋ ತಂದು ತೋರಿಸಿದ. ಅಮೆರಿಕದ ಒಬ್ಬಾತ ಭಾರದ ತಲೆಯಿರುವ ಗಾಳಕ್ಕೆ ಜಿಂಕೆಯ ಬಾಲದ ಕೂದಲು ಕಟ್ಟುತ್ತಿದ್ದ. 'ಹೇರ್ ಜಿಗ್' ಅಂದರೆ ಇದೇ. ಹುಡುಗ ಕೇಳಿದ: "ಮಾಷ್ಟ್ರೇ, ಇವ ಏನು ಹೇಳ್ತಾನೆ ಗೊತ್ತಾಗುವುದಿಲ್ಲ. ಇದು ಕನ್ನಡದಲ್ಲಿ ಇಲ್ವಾ?"

ಇಪ್ಪತ್ತು ವರ್ಷ ಕನ್ನಡದಲ್ಲಿ ಪಾಠ ಮಾಡಿದವ ನಾನು. ನನ್ನಲ್ಲಿ ಉತ್ತರ ಇರಲಿಲ್ಲ.

ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಬೇಡಿ. ನಾವು ಗಡಿಯಾಚೆಯ ಕನ್ನಡಿಗರು ಭಾಷೆಗಾಗಿ ಬೀದಿಗೆ ಇಳಿದವರು. 2017ರಲ್ಲಿ ಕೇರಳದಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ಕಾಸರಗೋಡಿನಲ್ಲಿ ಹೋರಾಟ ನಡೆಯಿತು. ನಡೆಯಲೇಬೇಕಿತ್ತು, ತಪ್ಪಿಲ್ಲ. ನವಂಬರ್ 1ಕ್ಕೆ ಭಾಷಣ ಮಾಡುತ್ತೇವೆ, ಹಾಡು ಹಾಡಿಸುತ್ತೇವೆ, ಸ್ಪರ್ಧೆ ಇಟ್ಟು ಬಹುಮಾನ ಕೊಡುತ್ತೇವೆ. ಆದರೆ ಮಗು ಕೈಯಿಂದ ಏನಾದರೂ ಮಾಡಲು ಹೊರಟರೆ "ಇದು ಹೀಗೆ, ಅದು ಹಾಗೆ" ಎಂದು ಹೇಳುವ ಒಂದು ಪುಟ ಕನ್ನಡವನ್ನು ನಾವು ಬರೆದು ಕೊಟ್ಟಿದ್ದೇವಾ? ವೃತ್ತಿ ಪರಿಚಯ ಮೇಳ ಬಂದಾಗ ಅದೇ ಅಗರಬತ್ತಿ, ಅದೇ ಚಾಕ್, ಅದೇ ಕೊಡೆ. ಹಾಡಿಗೂ ಪರೀಕ್ಷೆಗೂ ಮಾತ್ರ ಇರುವ ಭಾಷೆಯನ್ನು ಎಷ್ಟು ದಿನ ಹೊತ್ತು ನಡೆಯುತ್ತೀರಿ?

ಇನ್ನೊಂದು ಮಾತು. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ನಮ್ಮ ಕಾಸರಗೋಡು ಆಗ ಅದೇ ಜಿಲ್ಲೆಯಲ್ಲಿತ್ತು. ಗಾಳ ಹಾಕುವುದರ ಬಗ್ಗೆ ಅವರು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಎಲ್ಲಿ? ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಅದೇ ಊರಿನಲ್ಲಿ 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂತು. ನಿಘಂಟಿನಲ್ಲಿ ಪದಗಳಿಗೇನೂ ಬರಗಾಲವಿಲ್ಲ ಮಾರಾಯ್ರೆ. ಗಾಳದ ಪುಸ್ತಕ ಮಾತ್ರ ಇಂಗ್ಲಿಷಿನದ್ದು. ಪದ ಇದ್ದೂ ಬರೆಯದೇ ಕೂತದ್ದು ಯಾರ ತಪ್ಪು? ಸರಕಾರದ್ದಾ?

ಹಾಗಾಗಿ ನಾನೇ ಕೂತು ಕಲಿತೆ. ಬೆರಳಿಗೆ ಎರಡು ಸಲ ಕೊಕ್ಕೆ ಚುಚ್ಚಿಕೊಂಡೆ. ಕಲಿತದ್ದು ಇಲ್ಲಿದೆ, ಕನ್ನಡದಲ್ಲಿಯೇ.

ಗಾಳದ ಭಾಗಗಳಿಗೆ ಹೆಸರು ಹುಡುಕಬೇಕಾಗಿಲ್ಲ. ದಾರ ಪೋಣಿಸುವ ತೂತು ಕಣ್ಣು. ಭಾರದ ಗುಂಡು ತಲೆ. ತಲೆಯ ಹಿಂದೆ ಕೂದಲು ಕಟ್ಟುವ ಜಾಗ ಕೊರಳು. ನೇರ ಭಾಗ ದಂಡು, ಚುಚ್ಚುವುದು ಮೊನೆ, ಮೊನೆಯ ಹಿಂದಿನ ಗೀರು ಮುಳ್ಳು. ಜಿಗ್ಗಿನಲ್ಲಿ ಕಣ್ಣು ತಲೆಯ ಮೇಲ್ಭಾಗಕ್ಕೆ ಬರುವ ಹಾಗೆ ದಂಡನ್ನು ಬಾಗಿಸಿರುತ್ತಾರೆ. ಅದರಿಂದ ನೀರಿನಲ್ಲಿ ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ, ಬೇರಿಗೂ ಕಲ್ಲಿಗೂ ಸಿಕ್ಕುವುದು ಕಡಿಮೆ.

ಕೂದಲು ಯಾವುದು? ಅಮೆರಿಕದವರ ಹಾಗೆ ಜಿಂಕೆಯ ಬಾಲ ಹುಡುಕಿ ಹೊರಡಬೇಡಿ. ನಮ್ಮ ಕಾಡಿನ ಜಿಂಕೆಯ ಕೂದಲು, ಮುಂಗುಸಿಯ ಕೂದಲು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆಡಿನ ಉದ್ದ ಕೂದಲು ಸಾಕು. ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಹುಂಜದ ಕುತ್ತಿಗೆಯ ಗರಿಯೂ ಆಗುತ್ತದೆ. ನೂಲು ಟೈಲರ್ ಬಳಸುವ ಪಾಲಿಯೆಸ್ಟರ್ ನೂಲು. ಹತ್ತಿಯದ್ದು ಬೇಡ, ನೀರಿನಲ್ಲಿ ಕೊಳೆಯುತ್ತದೆ.

ಇನ್ನು ಕಟ್ಟುವುದು. ಕೊಕ್ಕೆಯ ಬಾಗಿದ ಭಾಗವನ್ನು ಸಣ್ಣ ವೈಸಿನಲ್ಲಿ ಬಿಗಿಯಿರಿ. ಕೊರಳಿಗೆ ನೂಲಿನ ತುದಿ ಇಟ್ಟು, ಅದರ ಮೇಲೆಯೇ ಹತ್ತು ಸುತ್ತು ಹಾಕಿ. ಬರಿಯ ಲೋಹದ ಮೇಲೆ ಕೂದಲು ಜಾರುತ್ತದೆ. ಬೆಂಕಿಕಡ್ಡಿಯಷ್ಟು ದಪ್ಪದ ಕೂದಲು ತೆಗೆದುಕೊಂಡು ಬಾಚಿ, ಬುಡದ ಸಣ್ಣ ಉಣ್ಣೆಯನ್ನು ತೆಗೆಯಿರಿ. ಕೂದಲಿನ ಉದ್ದ ದಂಡಿನ ಒಂದೂವರೆ ಅಥವಾ ಎರಡರಷ್ಟು ಸಾಕು. ಕೊರಳ ಮೇಲಿಟ್ಟು ಬೆರಳಿನಲ್ಲಿ ಒತ್ತಿ ಹಿಡಿದು ಎರಡು ಸುತ್ತು ಸಡಿಲವಾಗಿ ಹಾಕಿ, ಆಮೇಲೆ ಎಳೆಯಿರಿ. ಮೊದಲೇ ಬಿಗಿಯಾಗಿ ಎಳೆದರೆ ಕೂದಲೆಲ್ಲ ಒಂದು ಬದಿಗೆ ತಿರುಗಿ ಹೋಗುತ್ತದೆ. ಕೆಳಗೆ ಇನ್ನೊಂದು ಕಟ್ಟು ಇಡಿ. ಬುಡಗಳನ್ನು ಓರೆಯಾಗಿ ಕತ್ತರಿಸಿ, ಕಾಣದ ಹಾಗೆ ನೂಲು ಸುತ್ತಿ.

ಕೊನೆಯ ಗಂಟು ಯಾವುದು ಗೊತ್ತಾ? ಮಲ್ಲಿಗೆ ಕಟ್ಟುವಾಗ ಹಾಕುತ್ತೀರಲ್ಲ, ಅದೇ ಕುಣಿಕೆ. ಐದು ಸಲ ಹಾಕಿ, ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ. ನಾನು ಒಂದು ವಾರ ಒದ್ದಾಡಿದ ಈ ಗಂಟನ್ನು ಬಾಳೆನಾರಿನಲ್ಲಿ ಹೂ ಕಟ್ಟಿ ಗೊತ್ತಿದ್ದ ಹೆಣ್ಣುಮಕ್ಕಳು ಎರಡು ನಿಮಿಷದಲ್ಲಿ ಹಾಕಿದರು. ಇಂಗ್ಲಿಷ್ ವಿಡಿಯೋ ನೋಡಿದರೆ ಈ ಹೋಲಿಕೆ ಎಲ್ಲಿ ಸಿಗುತ್ತದೆ ಹೇಳಿ? ಮಗುವಿಗೆ ಮೊದಲೇ ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದಕ್ಕೆ ದಾಟಿಸುವುದೇ ಮಾತೃಭಾಷೆಯ ಪಾಠ. ಅದನ್ನು ತರಬೇತಿಗಳಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಅಂದು.

ಎಲ್ಲರೂ ಮಾಡುವ ತಪ್ಪು ಹೆಚ್ಚು ಕೂದಲು ಕಟ್ಟುವುದು. ಒಣಗಿದ್ದಾಗ ಚಂದ ಕಾಣುತ್ತದೆ, ನೀರಿನಲ್ಲಿ ಪೊರಕೆಯಾಗುತ್ತದೆ. ಕಡಿಮೆ ಇದ್ದರೆ ಎಳೆದಾಗ ಕೂದಲು ಮುದುಡಿ, ಬಿಟ್ಟಾಗ ಅರಳುತ್ತದೆ. ಸಿಗಡಿ ಉಸಿರಾಡಿದ ಹಾಗೆ. ಎಸೆದು ಮುಳುಗಲು ಬಿಡಿ, ಸ್ವಲ್ಪ ಎತ್ತಿ, ಮತ್ತೆ ಬಿಡಿ. ಹೆಚ್ಚಿನ ಸಲ ಮೀನು ಕಚ್ಚುವುದು ಗಾಳ ಕೆಳಗಿಳಿಯುವಾಗ.

ಈಗ ಆಕ್ಷೇಪಗಳಿಗೆ ಬರೋಣ.

"ಸೀಸ ವಿಷ ಅಲ್ಲವಾ?" ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ಹಂಸಗಳು ಸೀಸ ನುಂಗಿ ಸಾಯುತ್ತಿದ್ದ ಕಾರಣ 1987ರಿಂದ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಷೇಧವಾಯಿತು. ನನ್ನ ಕ್ಲಾಸಿನಲ್ಲಿ ಸೀಸ ಇಲ್ಲವೇ ಇಲ್ಲ. ಕೊಕ್ಕೆಗೆ ಹಿತ್ತಾಳೆಯ ಮಣಿ ಪೋಣಿಸಿ ತಲೆ ಮಾಡುತ್ತೇವೆ. ಮನೆಯಲ್ಲಿ ಸೀಸ ಕರಗಿಸುವ ಸಾಹಸಕ್ಕೆ ಯಾರೂ ಇಳಿಯಬೇಡಿ. ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುತ್ತೇವೆ, ಮೊನೆಗೆ ರಬ್ಬರಿನ ತುಂಡು ಚುಚ್ಚುತ್ತೇವೆ.

"ಸಸ್ಯಾಹಾರಿ ಮನೆಯ ಮಕ್ಕಳಿದ್ದಾರೆ." ಇದ್ದಾರೆ. ಅವರಿಗೆ ಒತ್ತಾಯವಿಲ್ಲ, ಅದೇ ನೂಲು, ಅದೇ ಗಂಟಿನಲ್ಲಿ ಬ್ರಶ್ ಕಟ್ಟುತ್ತಾರೆ.

"ಜೀವಹಿಂಸೆ." ಈ ಮಾತು ಹೇಳುವವರಿಗೆ ನನ್ನದೊಂದು ಪ್ರಶ್ನೆ. ಹೊಳೆಗೆ ತೋಟೆ ಹಾಕುವುದು, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆದರೂ ತೋಟೆಯ ಸದ್ದು ಕೇಳಿದಾಗ ಎಷ್ಟು ಜನ ಬಾಯಿ ಬಿಟ್ಟಿದ್ದೇವೆ? ತೋಟೆ ಮರಿಯನ್ನೂ ಮೊಟ್ಟೆಯನ್ನೂ ಬಿಡುವುದಿಲ್ಲ. ಗಾಳದವನು ಒಂದು ಮೀನಿಗೆ ಒಂದು ಗಂಟೆ ಕಾಯುತ್ತಾನೆ, ಮರಿ ಸಿಕ್ಕರೆ ತಿರುಗಿ ನೀರಿಗೆ ಬಿಡಬಹುದು. ಹೊಳೆಯ ಪಕ್ಕ ಕೂತು ಕಾಯಲು ಕಲಿತ ಮಗು ನಾಳೆ ಆ ಹೊಳೆಗೆ ವಿಷ ಬಿದ್ದರೆ ಸುಮ್ಮನಿರುವುದಿಲ್ಲ.

ಕೊನೆಯ ಆಕ್ಷೇಪವೇ ದೊಡ್ಡದು: "ಇದರಿಂದ ಕನ್ನಡ ಶಾಲೆ ಉಳಿಯುತ್ತದಾ?"

ಸುಳ್ಳು ಹೇಳುವುದಿಲ್ಲ. ಆ ಹುಡುಗ ಈ ಜೂನಿನಲ್ಲಿ ಟಿ.ಸಿ. ತೆಗೆದುಕೊಂಡು ಇಂಗ್ಲಿಷ್ ಮೀಡಿಯಂಗೆ ಹೋದ. ಅವನ ಅಮ್ಮ ಹೇಳಿದ್ದು ಇಷ್ಟೇ: "ಬೇಸರ ಮಾಡಬೇಡಿ ಮಾಷ್ಟ್ರೇ, ಕನ್ನಡದಲ್ಲಿ ಮುಂದೆ ಏನುಂಟು?" ಅವರನ್ನು ನಾನು ದೂರುವುದಿಲ್ಲ. ಆ ಪ್ರಶ್ನೆಗೆ ತೋರಿಸಲು ನಮ್ಮ ಕೈಯಲ್ಲಿ ಏನೂ ಇಲ್ಲದೆ ಇಷ್ಟು ವರ್ಷ ಕಳೆದವರು ನಾವು, ಮಾಷ್ಟ್ರುಗಳು.

ಒಂದು ಗಾಳದಿಂದ ಶಾಲೆ ಉಳಿಯುವುದಿಲ್ಲ, ಸರಿ. ಆದರೆ ಗಡಿಯಾಚೆಯ ಪ್ರತಿ ಕನ್ನಡ ಶಾಲೆಯ ಒಬ್ಬೊಬ್ಬ ಟೀಚರ್ ತಮ್ಮ ಊರಿನ ಒಂದೊಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ, ಮಗು ಓದಿ ತಾನೇ ಮಾಡುವ ಹಾಗೆ, ಒಂದು ಪುಟ ಬರೆಯಲಿ. ತಾಳವಾಡಿಯವರು ಒಂದು, ಜತ್ತಿನವರು ಒಂದು, ಆದೋನಿಯವರು ಒಂದು. ಸೈಕಲ್ ಪಂಚರ್ ಆಗಲಿ, ಕಂಬಳಿಯ ಅಂಚಾಗಲಿ, ಬುಟ್ಟಿಯಾಗಲಿ. ಮುಂದಿನ ನವಂಬರಿನಲ್ಲಿ ಭಾಷಣದ ಬದಲು ಅದನ್ನು ಓದೋಣ, ಮಾಡಿ ತೋರಿಸೋಣ.

ನನ್ನ ಪುಟ ಇದು. ನಿಮ್ಮದು ಯಾವಾಗ?