ವ್ರತ ಹಿರಿಯರದು, ಮೈ ಮಗುವಿನದು

ಸಾಂಗ್ಲಿ ಜಿಲ್ಲೆ ಮಿರಜ ತಾಲ್ಲೂಕಿನ ಸಮಡೋಳಿ ದಿಗಂಬರ ಜೈನರ ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವ ಊರು. ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಸಾತಗೌಡನಾಗಿ ಬೆಳೆದು ಮುನಿಯಾದ ಶಾಂತಿಸಾಗರರಿಗೆ ಆಚಾರ್ಯ ಪದವಿ ಬಂದದ್ದು 1924ರಲ್ಲಿ, ಇದೇ ಊರಲ್ಲಿ. ಮುಂದೆ ಮುಂಬಯಿ ಸರ್ಕಾರದ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಜೈನ ಮಂದಿರಗಳಿಗೂ ಅನ್ವಯಿಸುತ್ತದೆ ಎಂದಾದಾಗ, 1948ರಲ್ಲಿ ಆಚಾರ್ಯರು ಅನ್ನ ಬಿಟ್ಟರು. 1951ರಲ್ಲಿ ಮುಂಬಯಿ ಹೈಕೋರ್ಟು ಜೈನರ ಪರವಾಗಿ ತೀರ್ಪು ಕೊಡುವವರೆಗೆ ಧಾನ್ಯ ಮುಟ್ಟಲಿಲ್ಲ. ದಲಿತರಿಗೆ ಬಾಗಿಲು ಮುಚ್ಚಲು ನೆರವಾದ ಆ ವಿನಾಯಿತಿ ಸರಿಯಿತ್ತೆಂದು ಇವತ್ತು ವಾದಿಸುವುದು ಕಷ್ಟ. ಆದರೆ ಒಂದು ಮಾತು ಒಪ್ಪಬೇಕು. ಅದಕ್ಕಾಗಿ ಸೊರಗಿದ್ದು ಆಚಾರ್ಯರದೇ ಮೈ. ಅವರು ಯಾವ ಮಗುವನ್ನೂ ಉಪವಾಸ ಕೆಡವಲಿಲ್ಲ.

ಧರ್ಮದ ಹೆಸರಿನಲ್ಲಿ, ಆತ್ಮಸಾಕ್ಷಿಯ ಹೆಸರಿನಲ್ಲಿ ಮಕ್ಕಳ ಲಸಿಕೆಯಿಂದ ವಿನಾಯಿತಿ ಬೇಕು ಎನ್ನುವವರ ದನಿ ಈಗ ಜಗತ್ತಿನ ತುಂಬ ಏರುತ್ತಿರುವಾಗ ಈ ವ್ಯತ್ಯಾಸವನ್ನು ಮರೆಯಬಾರದು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಆರೋಗ್ಯ ಮುಖ್ಯಸ್ಥ ಜೋಸೆಫ್ ಲಡಾಪೊ ಶಾಲಾ ಮಕ್ಕಳ ಲಸಿಕೆ ಕಡ್ಡಾಯವನ್ನೆಲ್ಲ ತೆಗೆಯುವುದಾಗಿ ಘೋಷಿಸಿದರು, ಕಡ್ಡಾಯವನ್ನು ಗುಲಾಮಗಿರಿಗೆ ಹೋಲಿಸಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಧಾರಾಳವಾಗಿ ವಿನಾಯಿತಿ ಕೊಡುವ ಟೆಕ್ಸಾಸಿನಲ್ಲಿ ಏಳುನೂರಕ್ಕೂ ಹೆಚ್ಚು ಜನರಿಗೆ ದಡಾರ ತಗುಲಿ, ಲಸಿಕೆ ಹಾಕಿಸಿರದ ಇಬ್ಬರು ಶಾಲಾ ಮಕ್ಕಳು ಸತ್ತಿದ್ದರು. ಇಂಥ ಘೋಷಣೆಗಳು ವಾಟ್ಸಾಪಿನಲ್ಲಿ ಹರಿದಾಡುವಾಗ ಸಾವಿನ ಸುದ್ದಿ ಜೊತೆಗೆ ಬರುವುದಿಲ್ಲ.

ಇತ್ತ ನಮ್ಮಲ್ಲಿ ಎರಡು ಬಣಗಳಿವೆ. ಒಂದು, ಲಸಿಕೆ ಹಾಕಿಸದವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಡಿ ಎನ್ನುತ್ತದೆ. ಇನ್ನೊಂದು, ನನ್ನ ಮಗು ನನ್ನ ಇಷ್ಟ ಎನ್ನುತ್ತದೆ. ಎರಡೂ ಬಣದವರು ಸಾಂಗ್ಲಿಯ ಕಬ್ಬಿನ ಗದ್ದೆಗೆ ಒಮ್ಮೆ ಬರಬೇಕು.

ಅದಕ್ಕೂ ಮೊದಲು ಕಾನೂನಿನ ಸ್ಥಿತಿ. ಕಡ್ಡಾಯ ಈ ನೆಲಕ್ಕೆ ಹೊಸದೇನಲ್ಲ. ಬ್ರಿಟಿಷರು 1880ರಲ್ಲೇ ಸಿಡುಬಿನ ಲಸಿಕೆಗೆ ಕಾಯ್ದೆ ಮಾಡಿದ್ದರು, 1892ರಲ್ಲಿ ಮುಂಬಯಿ ಪ್ರಾಂತದ ಜಿಲ್ಲೆಗಳಿಗೆ ಇನ್ನೊಂದು ಬಂತು. ಉತ್ತರ ಕರ್ನಾಟಕದ ಹಿರಿಯರು ‘ದೇವಿ ಹಾಕಿಸೋದು’ ಎನ್ನುತ್ತಿದ್ದುದು ಇದನ್ನೇ; ರೋಗಕ್ಕೂ ದೇವಿ, ಲಸಿಕೆಗೂ ದೇವಿ. ಸ್ವಾತಂತ್ರ್ಯಾನಂತರ 1985ರಲ್ಲಿ ಶುರುವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಮಾತ್ರ ಮನವೊಲಿಕೆಯ ಮೇಲೆಯೇ ನಡೆದುಬಂದಿದೆ. 2019ರ ಜನವರಿಯಲ್ಲಿ ದಿಲ್ಲಿ ಸರ್ಕಾರ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನಕ್ಕೆ ಹೊರಟಾಗ, ತಂದೆ-ತಾಯಿಯ ಒಪ್ಪಿಗೆ ಪಡೆಯದೆ ಮಕ್ಕಳಿಗೆ ಸೂಜಿ ಚುಚ್ಚಬೇಡಿ ಎಂದು ಅಲ್ಲಿನ ಹೈಕೋರ್ಟು ತಡೆಯಿತು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು ಎಂದಿತು. ಅದು ಕೋವಿಡ್ ಕಾಲದ ಮಾತು, ಮುಖ್ಯವಾಗಿ ವಯಸ್ಕರ ಮಾತು. ಮೊದಲ ಅರ್ಧವನ್ನು ಒಂದು ಬಣ ಹಂಚುತ್ತದೆ, ಎರಡನೆಯದನ್ನು ಇನ್ನೊಂದು.

ಈಗ ಕಬ್ಬಿನ ಗದ್ದೆ. ಅಕ್ಟೋಬರ್-ನವೆಂಬರಿನಲ್ಲಿ ಕಾರ್ಖಾನೆಗಳ ಹಂಗಾಮು ಶುರುವಾಗುತ್ತಲೇ ಬೀಡ್‌ನಿಂದ, ಸಾಂಗ್ಲಿ ಜಿಲ್ಲೆಯದೇ ಆದ ಜತ್ತದಿಂದ, ನಮ್ಮ ವಿಜಯಪುರದ ಕಡೆಯಿಂದ ಕಟಾವಿನವರು ಬಂದು ಇಳಿಯುತ್ತಾರೆ. ಗಂಡ-ಹೆಂಡತಿ ಜೋಡಿಗೆ ‘ಕೊಯ್ತಾ’ ಎಂದೇ ಹೆಸರು, ಕಬ್ಬು ಕೊಯ್ಯುವ ಕತ್ತಿಯ ಹೆಸರೇ ಮನುಷ್ಯರಿಗೂ. ಕಟಾವಿನವರನ್ನು ಕರೆತರುವ ಗುತ್ತಿಗೆದಾರ ಮುಕಾದಮನ ಕೈಯಿಂದ ಮುಂಗಡ ಪಡೆದ ಮೇಲೆ ದಿನ ತಪ್ಪಿಸುವಂತಿಲ್ಲ. ದಡಾರದ ಮೊದಲ ಡೋಸು ಬೀಳಬೇಕಾದ್ದು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ. ಆ ಒಂಬತ್ತನೆಯ ತಿಂಗಳು ಡಿಸೆಂಬರಿನಲ್ಲಿ ತುಂಬಿದರೆ ಮಗುವಿನ ಹೆಸರು ವಿಜಯಪುರ ಜಿಲ್ಲೆಯ ಯಾವುದೋ ಉಪಕೇಂದ್ರದ ವಹಿಯಲ್ಲಿರುತ್ತದೆ, ಮಗು ಮಾತ್ರ ಕೃಷ್ಣೆಯ ದಂಡೆಯ ಹೊಲದ ಬದುವಿನಲ್ಲಿ ಮಲಗಿರುತ್ತದೆ. ಅವ್ವನ ಗಂಟಿನಲ್ಲಿರುವ ತಾಯಿ ಕಾರ್ಡು ಕನ್ನಡದಲ್ಲಿದೆ, ಅದನ್ನು ಓದಬೇಕಾದ ಸಿಸ್ಟರಿಗೆ ಬರುವುದು ಮರಾಠಿ. ಮಾರ್ಚ್-ಏಪ್ರಿಲಿನಲ್ಲಿ ಕುಟುಂಬ ಊರಿಗೆ ಮರಳುವಷ್ಟರಲ್ಲಿ ಡೋಸಿನ ದಿನ ಎಂದೋ ದಾಟಿರುತ್ತದೆ.

ಈ ತಾಯಿ ಲಸಿಕೆ ನಿರಾಕರಿಸಿದವಳೇ? ಇವಳಿಗೆ ಬೇಕಾದ್ದು ಕಡ್ಡಾಯವೋ, ವಿನಾಯಿತಿಯೋ? ಅವಳನ್ನು ಯಾರೂ ಕೇಳಿಯೇ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಪೂರ್ತಿ ಲಸಿಕೆ ಪಡೆದವರು ಕರ್ನಾಟಕದಲ್ಲಿ ನೂರಕ್ಕೆ 84, ಮಹಾರಾಷ್ಟ್ರದಲ್ಲಿ 73ರ ಆಸುಪಾಸು. ಒಬ್ಬ ದಡಾರದ ರೋಗಿಯಿಂದ ರಕ್ಷಣೆಯಿಲ್ಲದ ಹನ್ನೆರಡರಿಂದ ಹದಿನೆಂಟು ಮಂದಿಗೆ ಸೋಂಕು ಹಬ್ಬಬಲ್ಲದು. ಅದನ್ನು ಕಟ್ಟಿಹಾಕಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸು ಬೀಳಬೇಕು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಸಿಡಿದಾಗ ಈ ಕೊರತೆ ಎದ್ದು ಕಂಡಿತು. ಲಾಕ್‌ಡೌನಿನಲ್ಲಿ ತಪ್ಪಿಹೋದ ಡೋಸುಗಳು, ಒತ್ತೊತ್ತಾದ ಗುಡಿಸಲುಗಳು, ಅಪೌಷ್ಟಿಕ ಮಕ್ಕಳು ಅಲ್ಲಿ ಒಟ್ಟಿಗೇ ಇದ್ದವು. ಕಡ್ಡಾಯದ ಕಾಯ್ದೆ ಇದ್ದಿದ್ದರೆ ಗೋವಂಡಿಯಲ್ಲಿ ದಂಡ ಕಟ್ಟುವವರು ಹೆಚ್ಚುತ್ತಿದ್ದರು, ಅಷ್ಟೇ.

ಕಡ್ಡಾಯ ಬೇಕೆನ್ನುವವರು ಇಟಲಿಯನ್ನು ತೋರಿಸುತ್ತಾರೆ. ನಿಜ, 2017ರಲ್ಲಿ ಹತ್ತು ಲಸಿಕೆಗಳನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಪ್ರಮಾಣ ಏರಿತು. ಕ್ಯಾಲಿಫೋರ್ನಿಯಾ 2015ರಲ್ಲಿ ವೈಯಕ್ತಿಕ ನಂಬಿಕೆಯ ವಿನಾಯಿತಿ ತೆಗೆದು ಹಾಕಿದಾಗಲೂ ಹಾಗೆಯೇ ಆಯಿತು. ಆದರೆ ಅಲ್ಲಿ ಹೆಚ್ಚಾಗಿ ಹಟ ಹಿಡಿದಿದ್ದವರು ಓದು ಬರಹ ಬಲ್ಲವರು, ಆಸ್ಪತ್ರೆ ಕೈಗೆಟುಕುವವರು. ಶಾಲೆಯ ಬಾಗಿಲು ಮುಚ್ಚುತ್ತೇವೆ ಎಂದರೆ ಮಾರನೆಯ ದಿನವೇ ಸೂಜಿ ಮಾಡಿಸಬಲ್ಲವರು. ಇಲ್ಲಿ ಶಾಲೆಯ ಬಾಗಿಲು ಮುಚ್ಚಿದರೆ ಕಟಾವಿನವರ ಮಗು ಲಸಿಕೆಯನ್ನೂ ಪಡೆಯುವುದಿಲ್ಲ, ಅಕ್ಷರವನ್ನೂ ಕಲಿಯುವುದಿಲ್ಲ, ಮಧ್ಯಾಹ್ನದ ಊಟವೂ ಹೋಗುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸಬೇಡಿ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದೇ ಬಾಗಿಲಲ್ಲಿ ಲಸಿಕೆ ಕಾರ್ಡು ಕೇಳುವ ಇನ್ನೊಬ್ಬ ಕಾವಲುಗಾರನನ್ನು ನಿಲ್ಲಿಸುವುದು ಯಾವ ನ್ಯಾಯ? ಹಾಗೆ ನೋಡಿದರೆ ದಡಾರ ಹೆಚ್ಚು ಬಲಿ ತೆಗೆದುಕೊಳ್ಳುವುದು ಇನ್ನೂ ಶಾಲೆಯ ಮುಖ ನೋಡದ, ಐದು ವರ್ಷದೊಳಗಿನ ಕೂಸುಗಳನ್ನು.

ಇನ್ನು ಹೆದರಿ ದೂರ ಉಳಿದವರು. ಅವರನ್ನು ‘ಮೂಢನಂಬಿಕೆಯವರು’ ಎಂದು ತಳ್ಳಿಬಿಡುವುದು ಸುಲಭ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಳೆಗಳು ತೀರಿಕೊಂಡವು. ಸಿಬ್ಬಂದಿ ಅಮಾನತಾದರು. ಪ್ರಾಥಮಿಕ ತನಿಖೆ ಬೊಟ್ಟು ಮಾಡಿದ್ದು ಲಸಿಕೆಯತ್ತ ಅಲ್ಲ, ಅದನ್ನು ಬಳಸಿದವರ ನಿರ್ಲಕ್ಷ್ಯದತ್ತ. ಈ ಲಸಿಕೆ ಬರುವುದು ಪುಡಿಯ ರೂಪದಲ್ಲಿ. ದ್ರಾವಣ ಬೆರೆಸಿದ ಮೇಲೆ ನಾಲ್ಕೇ ತಾಸು. ಆಮೇಲೆ ಸೀಸೆಯಲ್ಲಿ ಎಷ್ಟೇ ಉಳಿದಿರಲಿ, ಚೆಲ್ಲಬೇಕು. ಕೆಡದಂತೆ ಕಾಯುವ ಔಷಧ ಅದರಲ್ಲಿಲ್ಲ. ತೆರೆದ ಸೀಸೆಯನ್ನು ಉಳಿಸಿ ಮರುದಿನ ಬಳಸಿದರೆ ಒಳಗೆ ಬೆಳೆದ ಬ್ಯಾಕ್ಟೀರಿಯಾ ಮಗುವನ್ನು ಒಂದೆರಡು ದಿನದಲ್ಲೇ ಕೊಲ್ಲಬಹುದು. ದಕ್ಷಿಣ ಸುಡಾನಿನಲ್ಲಿ 2017ರಲ್ಲಿ ತಂಪಿನಲ್ಲಿಡದ ಲಸಿಕೆ, ಮತ್ತೆ ಮತ್ತೆ ಬಳಸಿದ ಒಂದೇ ಸಿರಿಂಜು ಸೇರಿ ಹದಿನೈದು ಮಕ್ಕಳನ್ನು ಕೊಂದವು. ಮಹಾರಾಷ್ಟ್ರದ ಯವತಮಾಳದಲ್ಲಿ 2021ರ ಜನವರಿ 31ರಂದು ಹನ್ನೆರಡು ಮಕ್ಕಳ ಬಾಯಿಗೆ ಪೋಲಿಯೊ ಹನಿಯ ಬದಲು ಕೈ ತೊಳೆಯುವ ಸ್ಯಾನಿಟೈಸರ್ ಬಿತ್ತು. ಪುಣ್ಯಕ್ಕೆ ಮಕ್ಕಳು ಬದುಕಿದರು.

ರಾಮದುರ್ಗದ ಸುತ್ತಲಿನ ಒಬ್ಬ ತಾಯಿ ಮರುವಾರ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟುಹೋದರೆ ಅದು ಮೂಢನಂಬಿಕೆ ಅಲ್ಲ, ಕಣ್ಣಾರೆ ಕಂಡ ಲೆಕ್ಕ. ಅವಳ ಲೆಕ್ಕ ತಪ್ಪು, ಏಕೆಂದರೆ ಸರಿಯಾಗಿ ಹಾಕಿದ ಲಸಿಕೆಗಿಂತ ದಡಾರ ಎಷ್ಟೋ ಪಾಲು ಅಪಾಯಕಾರಿ. ಆದರೆ ಅವಳ ಲೆಕ್ಕ ತಿದ್ದಬೇಕಾದ ಸರ್ಕಾರ ತನ್ನ ಲೆಕ್ಕ ಕೊಡುವುದಿಲ್ಲ. ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡಲು ಬ್ರಿಟನ್ 1979ರಲ್ಲಿ, ಅಮೆರಿಕ 1986ರಲ್ಲಿ ಕಾಯ್ದೆ ಮಾಡಿದವು. ನಮ್ಮ ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ, ಕೋವಿಡ್ ಲಸಿಕೆಯ ನಂತರ ಮಕ್ಕಳನ್ನು ಕಳೆದುಕೊಂಡವರ ಅರ್ಜಿಗೆ ಉತ್ತರವಾಗಿ, ಸಿವಿಲ್ ಕೋರ್ಟಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣಪತ್ರ ಹಾಕಿತು. ಕಬ್ಬು ಕಡಿಯುವವಳು ಸಿವಿಲ್ ಕೋರ್ಟಿಗೆ ಹೋಗಬೇಕಂತೆ! ಹೊಣೆ ಹೊರಲು ತಯಾರಿಲ್ಲದ ಕೈ ಕಡ್ಡಾಯದ ಆಜ್ಞೆಗೆ ಸಹಿ ಹಾಕಬಾರದು.

ಹಾಗಾದರೆ ‘ನನ್ನ ಮಗು ನನ್ನ ಇಷ್ಟ’ ಎನ್ನುವವರು ಗೆದ್ದರೇ? ಇಲ್ಲ. ಅವರ ವಾದ ಇನ್ನೂ ದುರ್ಬಲ.

ಸಮಡೋಳಿಯಂಥ ಊರಿನ ಶ್ರಾವಕನೊಬ್ಬ ಕೇಳಬಹುದಾದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಪುಣೆಯ ಸೀರಂ ಸಂಸ್ಥೆಯ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಅದನ್ನು ಸ್ಥಿರವಾಗಿಡಲು ಜಿಲೆಟಿನ್ ಇದೆ, ಜಿಲೆಟಿನ್ ಬರುವುದು ಪ್ರಾಣಿಯ ಮೂಳೆ-ಚರ್ಮದಿಂದ. ಗಡ್ಡೆ-ಗೆಣಸನ್ನೂ ಬಿಟ್ಟ ಮನೆಗೆ ಇದು ಸಣ್ಣ ಸಂಗತಿಯಲ್ಲ, ನಗುವ ವಿಷಯವಂತೂ ಅಲ್ಲ. ಆದರೆ ಉತ್ತರವೂ ಜೈನ ವಿಚಾರದ ಒಳಗೇ ಇದೆ. ಗೃಹಸ್ಥನ ಹಿಂಸೆಯನ್ನು ಅದು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ಬಿಡಿಸುತ್ತದೆ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿಯನ್ನು ಆತ ಪೂರ್ತಿ ಬಿಡಲೇಬೇಕು. ಬದುಕಲು, ದುಡಿಯಲು, ಕಾಪಾಡಿಕೊಳ್ಳಲು ತಪ್ಪದೆ ಆಗುವ ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಹಸುಳೆಯ ಪ್ರಾಣ ಕಾಯುವ ಸೂಜಿಯನ್ನು ಸಂಕಲ್ಪಿಯ ಸಾಲಿಗೆ ಸೇರಿಸಲು ಬಹಳ ಕಸರತ್ತು ಬೇಕು. ಜಿಲೆಟಿನ್ ಇಲ್ಲದ ಲಸಿಕೆ ಮಾಡಿ ಎಂದು ಸೀರಂ ಸಂಸ್ಥೆಯನ್ನು ಒತ್ತಾಯಿಸುವುದು ಬೇರೆ, ಅದು ಬರುವವರೆಗೆ ಮಗುವನ್ನು ಬರಿಮೈಯಲ್ಲಿ ನಿಲ್ಲಿಸುವುದು ಬೇರೆ.

ಅನ್ನ-ನೀರು ಬಿಟ್ಟು ದೇಹ ತೊರೆಯುವ ಸಲ್ಲೇಖನದ (ಸಂಥಾರಾದ) ವಿವಾದದಲ್ಲೂ ಈ ಗೆರೆಯೇ ಮುಖ್ಯ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರಾ ಆತ್ಮಹತ್ಯೆ ಎಂದಾಗ ದೇಶದ ಜೈನರು ಬೀದಿಗಿಳಿದರು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಜೈನರ ವಾದದ ಬೆನ್ನೆಲುಬು ಒಂದೇ: ಅರಿತು, ಬಯಸಿ, ತನ್ನ ದೇಹವನ್ನು ತಾನೇ ಬಿಡುವುದು. ಆದ್ದರಿಂದಲೇ 2025ರ ಮಾರ್ಚಿನಲ್ಲಿ ಇಂದೋರಿನಲ್ಲಿ ಮಿದುಳಿನ ಗಡ್ಡೆಯಿಂದ ನರಳುತ್ತಿದ್ದ ಮೂರು ವರ್ಷದ ಮಗುವಿಗೆ ಸಂಥಾರಾ ಕೊಡಿಸಿದ ಸುದ್ದಿ ದೇಶವನ್ನೇ ಕಲಕಿತು. ಮೂರು ವರ್ಷದ ಮಗು ಏನನ್ನು ಅರಿತೀತು? ಅರಿಯದವರ ಮೇಲೆ ವ್ರತ ಹೊರಿಸುವಂತಿಲ್ಲ ಎನ್ನುವುದಾದರೆ, ಒಂಬತ್ತು ತಿಂಗಳ ಕೂಸಿನ ಮೇಲೆ ಅಪ್ಪನ ‘ಆತ್ಮಸಾಕ್ಷಿ’ಯನ್ನೂ ಹೊರಿಸುವಂತಿಲ್ಲ.

‘ಆತ್ಮಸಾಕ್ಷಿಯ ವಿನಾಯಿತಿ’ ಎಂಬುದನ್ನು ಲಸಿಕೆಯ ಕಾನೂನಿಗೆ ತಂದದ್ದು ಇಂಗ್ಲೆಂಡಿನ 1898ರ ಕಾಯ್ದೆ. ಗಾಂಧಿಯೂ ಲಸಿಕೆಯ ಕಡು ವಿರೋಧಿ, ಆಕಳ ಕೆಚ್ಚಲಿನ ಕೀವು ಅವರಿಗೆ ಹೇಸಿಗೆ. ಆಶ್ರಮದಲ್ಲಿ ಸಿಡುಬಿಗೆ ಮಕ್ಕಳು ಸತ್ತಾಗ ಅವರು ಒಳಗೊಳಗೇ ತೊಳಲಾಡಿದರು, ನಿಲುವು ಮಾತ್ರ ಬದಲಿಸಲಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲಿ ಅವರು ಒಡ್ಡಿದ್ದು ತಮ್ಮ ಮೈಯನ್ನು. ಸಿಡುಬಿನ ಎದುರು ನಿಂತದ್ದು ಬೇರೆಯವರ ಮಕ್ಕಳ ಮೈ.

ವಿನಾಯಿತಿ ಬೇಕಾದವರು ಇಲ್ಲದಿಲ್ಲ. ರಕ್ತದ ಕ್ಯಾನ್ಸರಿಗೆ ಕಿಮೊ ಪಡೆಯುತ್ತಿರುವ ಮಗುವಿಗೆ ದಡಾರದ ಜೀವಂತ ಲಸಿಕೆ ಹಾಕುವಂತಿಲ್ಲ. ಅಂಥ ಮಗು ಬದುಕುವುದು ಸುತ್ತಲಿನ ಮಕ್ಕಳಿಗೆ ಬಿದ್ದ ಡೋಸಿನ ಆಸರೆಯಲ್ಲಿ. ಹೀಗಾಗಿ ವೈದ್ಯರ ಚೀಟಿಯ ವಿನಾಯಿತಿ ಒಂದೇ ಸಾಕು. ಧರ್ಮದ್ದಕ್ಕೆ, ನಂಬಿಕೆಯದಕ್ಕೆ ಅರ್ಜಿ ನಮೂನೆಯೇ ಬೇಡ. ಉಳಿದ ನಿರಾಕರಣೆಗೆ ಮದ್ದು ಪೊಲೀಸರಲ್ಲ. ಪೋಲಿಯೊ ಕಾಲದಲ್ಲಿ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಬಾಗಿಲು ಮುಚ್ಚಿಕೊಂಡವರನ್ನು ಒಲಿಸಿದ್ದು ಅದೇ ಗಲ್ಲಿಯ ಹೆಂಗಸರು, ಮಸೀದಿಯ ಇಮಾಮರು. ರೈಲು ನಿಲ್ದಾಣ, ಬಸ್ ಸ್ಟ್ಯಾಂಡು, ಇಟ್ಟಿಗೆ ಭಟ್ಟಿ ಎಲ್ಲಿ ಮಗು ಸಿಕ್ಕಿತೋ ಅಲ್ಲೇ ಹನಿ ಹಾಕಿದರು. 2011ರ ಜನವರಿ 13ರ ಹೌರಾದ ಪ್ರಕರಣವೇ ಈ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯದು, ದಂಡ ವಿಧಿಸುವ ಕಾಯ್ದೆಯ ಹಂಗಿಲ್ಲದೆ.

ಕಡ್ಡಾಯ ಮಾಡುವುದಿದ್ದರೆ ಅದು ಆಳುವವರ ಮೇಲಿರಲಿ. ಕಾರ್ಖಾನೆಗೆ ಕಬ್ಬು ನುರಿಸುವ ಪರವಾನಗಿ ಕೊಡುವಾಗಲೇ ಕಟಾವಿನವರ ಮಕ್ಕಳ ಪಟ್ಟಿ ಕೇಳಲಿ. ಒಂದು ಜೋಡಿಗೆ ಎಷ್ಟು ಮುಂಗಡ ಎಂಬುದು ಮುಕಾದಮನ ವಹಿಯಲ್ಲಿ ಪೈಸೆ ಪೈಸೆಗೂ ಇರುತ್ತದೆ, ಮಗುವಿನ ವಯಸ್ಸು ಬರೆಯಲು ಇನ್ನೊಂದು ಸಾಲು ಸಾಕು. ಜಿಲ್ಲಾ ಪರಿಷತ್ತಿನ ಆಶಾತಾಯಿಗೆ ಗದ್ದೆಯವರೆಗೆ ಹೋಗಿಬರುವ ಭತ್ಯೆ ಸಿಗಲಿ, ಕನ್ನಡದ ತಾಯಿ ಕಾರ್ಡನ್ನು ಓದಬಲ್ಲ ಒಬ್ಬರಾದರೂ ಜತ್ತದಿಂದ ಜೊತೆಗೆ ಬರಲಿ. ಅಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ. ಮತ್ತೆ ಆ ಐಸ್ ಬಾಕ್ಸಿನಲ್ಲಿ, ಬೆರೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯುವ ಒಂದು ಪೆನ್ನು ಇರಲಿ.