ಹೊಳೆಗೆ ಕೈಮುಗಿದರೆ ಸಾಕೇ?
ನದಿಗೆ ಆರತಿ ಎತ್ತಿದ ಮಾತ್ರಕ್ಕೆ ನದಿ ಉಳಿಯುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಅರ್ಧ ಸತ್ಯ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಪಕ್ಕ ಹರಿಯುವ ಕಪಿಲೆಯನ್ನು ನೋಡಿ. ಭಕ್ತರು ಒಂದು ಹಿಡಿ ಅಕ್ಕಿ ಎರಚಿದರೆ ಸಾಕು, ತುಳುವರು ಪೆರುವೋಳು ಎನ್ನುವ ದೊಡ್ಡ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಅವು ದೇವರ ಮೀನು. ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ. 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿದಾಗ ರಾಶಿ ರಾಶಿ ಮೀನು ಸತ್ತವಲ್ಲ, ಆಗ ನಂಬಿಕೆ ಏನು ಮಾಡಿತು ಎಂದು ಕೇಳಬಹುದು. ಸತ್ತ ಮೀನುಗಳಿಗೆ ಊರಲ್ಲಿ ಸ್ಮಾರಕ ಎದ್ದಿತು, ಕಟ್ಟುಪಾಡು ಸಡಿಲವಾಗಲಿಲ್ಲ, ಹೊಳೆಯಲ್ಲಿ ಮೀನು ಮತ್ತೆ ತುಂಬಿತು. ಅದೇ ತಾಲೂಕಿನ ಧರ್ಮಸ್ಥಳದ ನೇತ್ರಾವತಿ ಸ್ನಾನಘಟ್ಟದಲ್ಲಿ ಭಕ್ತಿಗೇನೂ ಬರವಿಲ್ಲ. ಆದರೂ ಮಿಂದವರು ಉಟ್ಟ ಬಟ್ಟೆಯನ್ನು ನೀರಿಗೇ ಬಿಡುತ್ತಾರೆ (ಇದು ಯಾವ ಶಾಸ್ತ್ರವೋ!). ತೀರ್ಥಕ್ಷೇತ್ರಗಳ ನದಿಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ ನೋಡಿಕೊಳ್ಳಿ ಎಂದು 2025ರಲ್ಲಿ ಅರಣ್ಯ ಸಚಿವರೇ ಸೂಚಿಸಬೇಕಾಯಿತು. ವ್ಯತ್ಯಾಸ ಭಕ್ತಿಯ ಪ್ರಮಾಣದಲ್ಲಿಲ್ಲ. ಶಿಶಿಲದ ಭಕ್ತಿ ‘ಕೂಡದು’ ಎನ್ನಬಲ್ಲದು, ಸ್ನಾನಘಟ್ಟದ್ದು ಇನ್ನೂ ಅಷ್ಟು ಗಟ್ಟಿಯಾಗಿಲ್ಲ. ಸರಕಾರದ ಆದೇಶವೊಂದೇ ಸಾಲದೇ? ಪ್ರತಿ ಮೆಟ್ಟಿಲಿಗೂ ಪೊಲೀಸರನ್ನು ನಿಲ್ಲಿಸಲಾಗದು. ನೀರಿಗೆ ಬಿಟ್ಟದ್ದು ಸ್ನಾನಘಟ್ಟದಲ್ಲೇ ಉಳಿಯುವುದೂ ಇಲ್ಲ: ಈ ನೇತ್ರಾವತಿಯೇ ಬಂಟ್ವಾಳ ದಾಟಿ ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ನಲ್ಲಿಗಳಿಗೆ ಹೋಗುತ್ತಾಳೆ. ನದಿ ಉತ್ಸವ ಮಾಡುವವರು ಧಾರಾಳ ಮಾಡಲಿ. ಹೊಳೆಗೆ ಏನೇನು ಹಾಕಬಾರದೆಂಬುದನ್ನೂ ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಲಿ.