ಸಾಲ ತೀರಿಸಲು ಮತ್ತೊಂದು ಸಾಲವೇ?

ಗುಜರಾತಿನಲ್ಲಿ ನೆಲೆಸಿರುವ ತುಳು-ಕನ್ನಡಿಗರಿಗೆ ಬ್ಯಾಂಕು ಹೊಸ ವಿಷಯವೇನಲ್ಲ. ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ತವರು ಉಡುಪಿ. 1908ರಲ್ಲಿ ವಡೋದರದಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ವಿಲೀನವಾದಾಗ ಇಲ್ಲಿನ ಎಷ್ಟೋ ಕನ್ನಡಿಗರಿಗೆ ತವರುಮನೆಯೂ ಗಂಡನ ಮನೆಯೂ ಒಂದೇ ಆದಂತಾಯಿತು. ಇಂತಹ ಬ್ಯಾಂಕಿನ ಊರಿನಿಂದ ಬಂದವರೇ ಇಂದು ಅಹ್ಮದಾಬಾದ್, ವಡೋದರ, ಸೂರತ್‌ಗಳಲ್ಲಿ ಕ್ರೆಡಿಟ್ ಕಾರ್ಡು, ಮೊಬೈಲಿನ ಸಾಲ, ಫ್ರಿಜ್ಜಿನ ಕಂತು ಎಂದು ನಾಲ್ಕಾರು ಕಡೆ ಸಿಲುಕಿ ತಿಂಗಳ ಹತ್ತನೇ ತಾರೀಕಿಗೇ ಕೈ ಖಾಲಿ ಮಾಡಿಕೊಳ್ಳುತ್ತಿರುವುದು ವಿಷಾದದ ಸಂಗತಿ.

ಹೀಗೆ ಸಿಲುಕಿದವರಿಗೆ ದಿನಕ್ಕೆರಡು ಬಾರಿ ಫೋನು ಬರುತ್ತದೆ. ಎಲ್ಲ ಸಾಲವನ್ನೂ ಒಂದೇ ದೊಡ್ಡ ಸಾಲವಾಗಿ ಮಾಡಿಕೊಡುತ್ತೇವೆ, ಕಂತು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬ ಸಿಹಿಮಾತು. ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಮಕರಪುರದ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಕಾರ್ಡಿನಲ್ಲಿ 60,000 ರೂ. ಬಾಕಿ ಇದೆ ಎಂದಿಟ್ಟುಕೊಳ್ಳೋಣ. ಜೊತೆಗೆ ಶೇ. 15ರ ವೈಯಕ್ತಿಕ ಸಾಲದಲ್ಲಿ 1,20,000 ರೂ. ಬಾಕಿ, ಅದಕ್ಕೆ ತಿಂಗಳಿಗೆ 5,800 ರೂ. ಕಂತು. ಅಂಗಡಿಯ ಕಂತು 1,900 ರೂ., ಇನ್ನು ಎಂಟು ಕಂತು. ಸ್ನೇಹಿತರಿಂದ ಪಡೆದ ಕೈಸಾಲ 25,000 ರೂ. ಕಾರ್ಡಿಗೆ ‘ಕನಿಷ್ಠ ಮೊತ್ತ’ ಎಂದು ಶೇ. 5ರಂತೆ 3,000 ರೂ. ಕಟ್ಟುತ್ತಾರೆ. ಎಲ್ಲ ಸೇರಿ ತಿಂಗಳಿಗೆ 10,700 ರೂ. ಈಗ ಕೈಸಾಲ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಲು ಶೇ. 16ರ ಬಡ್ಡಿಗೆ 5 ವರ್ಷದ 2 ಲಕ್ಷ ರೂ. ಹೊಸ ಸಾಲ ತೆಗೆದರೆ ಕಂತು ಸುಮಾರು 4,860 ರೂ. ಮಾತ್ರ. ಯಾರಿಗೆ ತಾನೇ ಆಸೆಯಾಗದು? ಆದರೆ ಆತ ಒಟ್ಟು ಕಟ್ಟುವುದು ಸುಮಾರು 2,92,000 ರೂ. ಸಂಸ್ಕರಣಾ ಶುಲ್ಕ ಬೇರೆ. ಎರಡು ವರ್ಷದಲ್ಲಿ ತಾನಾಗಿ ಮುಗಿಯಬೇಕಿದ್ದ ಹಳೆಯ ಸಾಲವೂ ಐದು ವರ್ಷಕ್ಕೆ ಎಳೆಯಲ್ಪಡುತ್ತದೆ.

ಕಾರ್ಡಿನ ಬಡ್ಡಿಗಿಂತ ಶೇ. 16 ಅಗ್ಗವೇ, ಅದನ್ನು ಒಪ್ಪಲೇಬೇಕು. ಹೊಸ ಸಾಲ ಪಡೆದ ದಿನವೇ ಕಾರ್ಡನ್ನು ರದ್ದುಪಡಿಸಿ, ಹಳೆಯ ಕಂತಿನಷ್ಟೇ ಹಣವನ್ನು ಹೊಸ ಸಾಲಕ್ಕೂ ಕಟ್ಟುವ ಶಿಸ್ತು ಇದ್ದವರಿಗೆ ಅದು ಲಾಭವೇ. ಅಂತಹವರು ಎಷ್ಟು ಮಂದಿ? ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು: ಕಾರ್ಡು ಖಾಲಿಯಾದ ಆರು ತಿಂಗಳಿಗೆ ಮತ್ತೆ ತುಂಬಿರುತ್ತದೆ, ದೊಡ್ಡ ಸಾಲವೂ ಹಾಗೇ ನಿಂತಿರುತ್ತದೆ.

ಕಾರ್ಡಿನ ಬಡ್ಡಿ ಎಷ್ಟೆಂದು ಕೇಳಿದರೆ ಹೆಚ್ಚಿನವರು ‘ಮೂರೂವರೆ’ ಎನ್ನುತ್ತಾರೆ. ಅದು ತಿಂಗಳಿಗೆ! ವರ್ಷಕ್ಕೆ ಶೇ. 42. ಅದರ ಮೇಲೆ ಶೇ. 18 ಜಿಎಸ್‌ಟಿ. 60,000 ರೂ. ಬಾಕಿಗೆ ತಿಂಗಳ ಬಡ್ಡಿ 2,100, ತೆರಿಗೆ 378. ಕಟ್ಟಿದ 3,000ದಲ್ಲಿ ಅಸಲಿಗೆ ಸೇರುವುದು ಬರೇ 522 ರೂ. ಕಾರ್ಡಿನ ಬಡ್ಡಿಗೆ ಶೇ. 30ರ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದ ಮೇಲೆ ಆ ಆಸರೆಯೂ ಇಲ್ಲ.

ಹಾಗಾದರೆ ಆರಂಭ ಎಲ್ಲಿಂದ? ಒಂದು ನೋಟ್‌ಬುಕ್ಕಿನಿಂದ. ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತಿನ ದಿನ ಯಾವುದು ಎಂದು ಬರೆಯಬೇಕು. ಮರೆತ ಸಾಲವೂ ಸಿಗುವಂತೆ ಸಿಬಿಲ್‌ನಂತಹ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಬೇಕೆಂಬ ನಿಯಮ 2017ರಿಂದಲೇ ಇದೆ. ಈ ಪಟ್ಟಿಯನ್ನು ಹೆಂಡತಿಯ ಎದುರಿಗೇ ಬರೆಯುವುದು ಒಳ್ಳೆಯದು. ಗಂಡನ ಸಾಲ ಹೆಂಡತಿಗೆ ತಿಳಿಯುವುದು ವಸೂಲಿಯವನು ಬಾಗಿಲು ಬಡಿದಾಗ ಎಂಬ ಸ್ಥಿತಿ ಎಷ್ಟೋ ಮನೆಗಳಲ್ಲಿದೆ. (ಹೆಂಡತಿಯ ಚೀಟಿಯ ಬಾಕಿ ಗಂಡನಿಗೆ ತಿಳಿಯದಿರುವುದೂ ಉಂಟು ಎನ್ನಿ.)

ಪಟ್ಟಿಯಾದ ಮೇಲೆ ಕಾರ್ಡು ಬೀರುವಿಗೆ ಹೋಗಬೇಕು. ಎಲ್ಲ ಕಡೆಗೂ ಕಟ್ಟಲೇಬೇಕಾದ ಕಂತು ಕಟ್ಟಿ, ಮಿಕ್ಕ ಹಣವನ್ನೆಲ್ಲ ಒಂದೇ ಸಾಲಕ್ಕೆ ಸುರಿಯಬೇಕು. ಹೆಚ್ಚು ಬಡ್ಡಿಯದ್ದೇ ಮೊದಲು. ನಾಲ್ಕೂ ಕಡೆ ಐನೂರು ಐನೂರು ಹೆಚ್ಚು ಕಟ್ಟಿದರೆ ಯಾವುದೂ ಮುಗಿದಂತೆ ಕಾಣುವುದಿಲ್ಲ, ಮನಸ್ಸೂ ಸೋಲುತ್ತದೆ.

ಮಿಕ್ಕ ಹಣ ಎಲ್ಲಿಂದ ಎಂದು ಕೇಳಬಹುದು. ಶೇ. 7ಕ್ಕೆ ಆರ್‌ಡಿ ಕಟ್ಟುತ್ತಾ ಶೇ. 42ಕ್ಕೆ ಕಾರ್ಡಿನ ಬಡ್ಡಿ ತೆರುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಂದು ತಿಂಗಳ ಖರ್ಚಿನಷ್ಟು ಉಳಿಸಿಕೊಂಡು ಆ ಠೇವಣಿ ಮುರಿಯುವುದೇ ಜಾಣತನ. ಅದೂ ಇಲ್ಲದವರಿಗೆ ಊರಿನ ಪಿಗ್ಮಿಯೇ ದಾರಿ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಅದೇ ಕ್ರಮವನ್ನು ಸಾಲಕ್ಕೆ ತಿರುಗಿಸಿದರಾಯಿತು. ದಿನಕ್ಕೆ 130 ರೂ. ತೆಗೆದಿಟ್ಟರೆ ತಿಂಗಳಿಗೆ 3,900. ಕಾರ್ಡಿಗೆ ಬಿಲ್ಲಿನ ದಿನದವರೆಗೆ ಕಾಯಬೇಕಿಲ್ಲ, ವಾರಕ್ಕೊಮ್ಮೆ ಯುಪಿಐಯಲ್ಲಿ ಕಟ್ಟಬಹುದು. ಬಡ್ಡಿ ದಿನದ ಬಾಕಿಯ ಮೇಲೆ ಬೀಳುವುದರಿಂದ ಬೇಗ ಕಟ್ಟಿದಷ್ಟೂ ಲಾಭ.

ಮೇಲಿನ ನೌಕರರು ಹೀಗೆ ತಿಂಗಳಿಗೆ 4,000 ರೂ. ಹೆಚ್ಚು ಹೊಂದಿಸಿದರೆ ಕಾರ್ಡು ಸುಮಾರು 11 ತಿಂಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಅಂಗಡಿಯ ಕಂತೂ ತೀರಿರುತ್ತದೆ. ಬಿಡುವಾದ 8,900 ರೂ. ಮೂರು ತಿಂಗಳು ಸ್ನೇಹಿತರಿಗೆ, ಆಮೇಲೆ ವೈಯಕ್ತಿಕ ಸಾಲಕ್ಕೆ ಸೇರಿದರೆ ಸುಮಾರು ಒಂದೂವರೆ ವರ್ಷದಲ್ಲಿ ಎಲ್ಲವೂ ತೀರುತ್ತದೆ. ವೈಯಕ್ತಿಕ ಸಾಲ ಅವಧಿಗೆ ಮುನ್ನ ಮುಚ್ಚಲು ಶುಲ್ಕವಿದೆಯೇ ಎಂದು ಒಪ್ಪಂದ ಪತ್ರ ನೋಡಿಕೊಳ್ಳಬೇಕು, ಅಷ್ಟೆ.

ಈ ಕ್ರಮಕ್ಕೆ ಒಂದು ಅಪವಾದವಿದೆ. ಖಾಸಗಿ ಬಡ್ಡಿಯವರಿಗೆ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟವರು ಬಡ್ಡಿ ದರ ನೋಡದೆ ಅದನ್ನೇ ಮೊದಲು ತೀರಿಸಿ ಚೆಕ್ ವಾಪಸು ಪಡೆಯಬೇಕು. ಚೆಕ್ ಅಮಾನ್ಯವಾದರೆ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಬೀಳುತ್ತದೆ. ಗುಜರಾತಿನಲ್ಲಿ ಲೇವಾದೇವಿಗಾರರ ಕಾಯ್ದೆ 2011ರಿಂದಲೂ ಇದೆ. 2023ರ ಜನವರಿಯಲ್ಲಿ ರಾಜ್ಯದ ಪೊಲೀಸರು ‘ವ್ಯಾಜಖೋರ’ರ ವಿರುದ್ಧ ಲೋಕ ದರಬಾರುಗಳನ್ನೇ ನಡೆಸಿದರು. ಪರರಾಜ್ಯದವರೆಂದು ಹೆದರಿ ಸುಮ್ಮನಿರಬೇಕಾಗಿಲ್ಲ.

ಕಂತಿಗೇ ಸಂಬಳ ಸಾಲದವರ ವಿಷಯ ಬೇರೆ. ಅವರು ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ ಅವಧಿ ವಿಸ್ತರಣೆಗೆ ಬರಹದಲ್ಲಿ ಕೇಳಿಕೊಳ್ಳಬೇಕು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಿದ ಹೋಟೆಲಿನವರಿಗೆ ಆ ಅವಧಿಯಲ್ಲೂ ಬಡ್ಡಿ ಬೆಳೆಯುತ್ತಲೇ ಇತ್ತು ಎಂಬುದು ನೆನಪಿರಬಹುದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಒಂಬುಡ್ಸ್‌ಮನ್‌ಗೆ ಬರೆಯಲು ಖರ್ಚಿಲ್ಲ.

ನಮ್ಮ ಸಂಘ-ಸಂಸ್ಥೆಗಳೂ ಇಲ್ಲಿ ಸ್ವಲ್ಪ ಯೋಚಿಸಬೇಕು. ಮೂರೂ ನಗರಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿಗೆ ಕೊರತೆಯಿಲ್ಲ. ವರ್ಷಕ್ಕೊಂದು ಸಂಜೆ, ಮೈಕು ಇಲ್ಲದೆ, ಹಾರ-ತುರಾಯಿ ಇಲ್ಲದೆ ಅವರನ್ನು ಕೂರಿಸಿ ಬಂದವರ ಪಟ್ಟಿ ನೋಡಿಸಿದರೆ ಸನ್ಮಾನ ಸಮಾರಂಭಕ್ಕಿಂತ ಹೆಚ್ಚು ಉಪಕಾರವಾದೀತು. ವೇದಿಕೆಯಲ್ಲಿ ಹೆಸರು ಕೂಗಿ ದೇಣಿಗೆ ಘೋಷಿಸುವ ಪದ್ಧತಿಯಿಂದ ಸಾಲ ಮಾಡಿ ಕೊಡುವವರೂ ಇದ್ದಾರೆಂಬುದು ಪದಾಧಿಕಾರಿಗಳಿಗೆ ತಿಳಿಯದ್ದೇನಲ್ಲ. ಜಾಮೀನು ಹಾಕುವವರೂ ಎಚ್ಚರ ವಹಿಸಬೇಕು. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ.

ಇನ್ನು ಆ ಕೈಸಾಲದ ಮಾತು. ಅದಕ್ಕೆ ಬಡ್ಡಿಯಿಲ್ಲ, ಆದ್ದರಿಂದ ಎಲ್ಲರೂ ಕೊನೆಗಿಡುತ್ತಾರೆ. ಆದರೆ ಸಾಲ ಕೊಟ್ಟವರು ಬರುತ್ತಾರೆಂಬ ಅಳುಕಿಗೆ ರಾಜ್ಯೋತ್ಸವಕ್ಕೂ ಗಣೇಶೋತ್ಸವಕ್ಕೂ ಹೆಂಡತಿ-ಮಕ್ಕಳನ್ನು ಮಾತ್ರ ಕಳುಹಿಸಿ ತಾವು ಮನೆಯಲ್ಲೇ ಉಳಿಯುವವರು ಇದ್ದಾರೆ. ಅವರು ಒಂದು ಫೋನು ಮಾಡಿ, ಹನ್ನೊಂದು ತಿಂಗಳ ನಂತರ ಇಂತಿಷ್ಟು ಕಂತಿನಲ್ಲಿ ಕೊಡುತ್ತೇನೆ ಎಂದು ತಿಂಗಳ ಹೆಸರು ಹೇಳಿ ತಿಳಿಸಿದರೆ ಸಾಕು. ಕೊಟ್ಟವರು ಕಾಯುತ್ತಿರುವುದು ಹೆಚ್ಚಾಗಿ ಆ ಫೋನಿಗೇ.